ನಾಲ್ಕನೆಯ ಮೂಲೆಯ ನವಿಲು

ಸಂಶಿ
12 ಜೂನ್ 2023

ಪ್ರಿಯ ರುಬಿಯಾ,

ಫೋನಿನಲ್ಲಿ ಹೇಳಿದರೆ ನೀನು ಅರ್ಧ ಮಾತಿಗೇ "ಆತು, ತಿಳೀತು" ಅಂದುಬಿಡುತ್ತೀ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಚೀಟಿ ಬರೆದುಕೊಳ್ಳುತ್ತಿದ್ದವರು ನಾವು, ಇಮೇಲು ಬರೆಯುವುದಕ್ಕೆ ಏನು ಧಾಡಿ.

ನಮ್ಮ 'ಹಾಸು' ಇಲ್ಲಿ ಕೈಕೊಟ್ಟಿದೆ. ಮಹಿಳಾ ಸಂಘದವರು ಮೊನ್ನೆ ಹೂಬಳ್ಳಿಯ ಹಾಸೊಂದನ್ನು ಮಗ್ಗಕ್ಕೆ ಏರಿಸಿದ್ದರು. ಕಂಪ್ಯೂಟರು ಸಾಲು ಸಾಲಾಗಿ ಕೂಗುತ್ತಿತ್ತು: ಕೆಂಪು ಏಳು, ಬಿಳಿ ಮೂರು, ಕೆಂಪು ಏಳು. ಕೂಗುತ್ತಾ ಕೂಗುತ್ತಾ ನಡುವೆ ಬಾಯಿ ಮುಚ್ಚಿತು. ತಪ್ಪಾಗಿದೆ ಎಂದು ಹೇಳಲಿಲ್ಲ, ಬಂದ್ ಕೂಡ ಆಗಲಿಲ್ಲ, ಸುಮ್ಮನೆ ನಿಂತುಬಿಟ್ಟಿತು. ಸಂಘದ ಹಿರಿಯಳು ಮಲ್ಲಕ್ಕ ಕೈಯಲ್ಲಿ ನೂಲು ಹಿಡಿದುಕೊಂಡು ಎಷ್ಟೋ ಹೊತ್ತು ಕಾದಳಂತೆ. ನಾನು ಹೋದ ಕೂಡಲೇ, "ಬಾ ಯವ್ವಾ, ನಿನ್ನ ಮಿಷಿನ್ನ ಸಿಟ್ಟಿಗೆದ್ದೈತಿ ನೋಡು, ಮಾತಾಡವಲ್ದು," ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಿನಗೆ ಗೊತ್ತಿರುವುದೇ, ಆದರೂ ನನ್ನ ತಲೆ ಸರಿಮಾಡಿಕೊಳ್ಳಲು ಬರೆಯುತ್ತೇನೆ. 'ಹಾಸು' ಅಂದರೆ ಎರಡು ಪ್ರೋಗ್ರಾಮು. ನೀನು ಬರೆದದ್ದು ನಮೂನೆ ಬಿಡಿಸುವುದು, ನಾನು ಬರೆದದ್ದು ಅದನ್ನು ಓದಿ ಸಾಲು ಕೂಗುವುದು. ಎರಡೂ ಬೇರೆ ಬೇರೆ ಓಡುತ್ತವೆ, ನಡುವೆ ಒಂದು ಪೈಪ್ ಹಾಕಿ ಮಾತಾಡಿಸುತ್ತೇವೆ. ನಿನ್ನ ಹಳೇ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಈ ಮಾತುಕತೆ ಚಂದ ನಡೆಯುತ್ತದೆ. ಸಂಘದ ವಿಂಡೋಸ್‌ನಲ್ಲಿ ನಡುವೆ ಕಡಿಯುತ್ತದೆ. ಅದೂ ಒಮ್ಮೆ ನಿಲ್ಲುತ್ತದೆ, ಒಮ್ಮೆ ನಿಲ್ಲುವುದಿಲ್ಲ. ಹಾಗಾದರೆ ಹಿಡಿಯುವುದು ಹೇಗೆ? ಪಟ್ಟೆ ಪಟ್ಟೆಯ ಉದ್ದನೆ ಹಾಸು ಹಾಕಿ ನೋಡಿದೆ, ನಿಲ್ಲಲಿಲ್ಲ. ಒಂದೊಂದು ಸಾಲಿನಲ್ಲೂ ಹತ್ತಾರು ಕಡೆ ಬಣ್ಣ ಬದಲಾಗುವ, ನಿಜವಾದ ದೊಡ್ಡ ನಮೂನೆ ಬೇಕು. ನೀನು ಜಮಖಾನದ ಮನೆಯವಳು. ನಿನ್ನ ಹತ್ತಿರ ಇಲ್ಲದೆ ಇನ್ಯಾರ ಹತ್ತಿರ ಇರುತ್ತದೆ?

ಬೇಗ ಕಳಿಸು. ಈ ಹೆಂಗಸರ ಮುಂದೆ ನನ್ನ ಮರ್ಯಾದೆ ಉಳಿಸು.

ನಿನ್ನ,
ಅಮೃತಾ


ನವಲಗುಂದ
20 ಜೂನ್ 2023

ಪ್ರಿಯ ಅಮೃತಾ,

ನನ್ನಲ್ಲಿ ಮೂರು ಸಲ ಓಡಿಸಿದೆ, ಒಮ್ಮೆಯೂ ನಿಲ್ಲಲಿಲ್ಲ. ನನ್ನ ಪ್ರೋಗ್ರಾಮು ಗಂಟಲು ಕಟ್ಟಿಕೊಳ್ಳುವಂಥದ್ದಲ್ಲ. ನಿನ್ನದನ್ನು ನೋಡಿಕೋ. ತಮಾಷೆಗೆ ಅಂದೆ, ಮುಖ ಊದಿಸಬೇಡ.

ನೀನು ಕೇಳಿದಂಥ ನಮೂನೆ ನನ್ನ ಹತ್ತಿರ ಒಂದೇ ಒಂದಿದೆ. ಕೊಡುವ ಮೊದಲು ಒಂದು ಮಾತು ಹೇಳಬೇಕು. ಇಷ್ಟು ವರ್ಷದ ಗೆಳೆತನದಲ್ಲಿ ನಿನಗೆ ಹೇಳದೇ ಉಳಿದದ್ದು.

ನಮ್ಮ ಓಣಿಯಲ್ಲಿ ಜಮಖಾನ ನೇಯುವುದು ಹೆಂಗಸರ ಕಸಬು. ಆದರೆ ಅದನ್ನು ಮಗಳಿಗೆ ಕಲಿಸುವುದಿಲ್ಲ, ಸೊಸೆಗೆ ಕಲಿಸುತ್ತಾರೆ. ಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು, ಕಸಬನ್ನೂ ಸೆರಗಿಗೆ ಕಟ್ಟಿಕೊಂಡು ಹೋದಾಳು ಅನ್ನುವ ಹೆದರಿಕೆ. ನಾನು ಸಣ್ಣವಳಿದ್ದಾಗ ಮಗ್ಗದ ಕೋಣೆಯ ಹೊಸ್ತಿಲ ಮೇಲೆ ಕೂತರೂ ಅಮ್ಮಿ, "ಏಳು, ಚಾ ಮಾಡು ಹೋಗು," ಅನ್ನುತ್ತಿದ್ದಳು. ಮೂರು ವರ್ಷದ ಹಿಂದೆ ನಮ್ಮಣ್ಣ ಅಸ್ಲಂಭಾಯಿಯ ಮದುವೆಯಾಗಿ ಅಣ್ಣಿಗೇರಿಯಿಂದ ಬೀಬಿಜಾನ್ ಭಾಬಿ ಬಂದಳಲ್ಲ, ಕೈಯ ಮೆಹಂದಿ ಮಾಸುವ ಮೊದಲೇ ಅವಳನ್ನು ಮಗ್ಗದ ಮುಂದೆ ಕೂರಿಸಿದಳು. ನಾನು ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದೆ. ಭಾಬಿಯ ಮೇಲೆ ಸಿಟ್ಟಿಲ್ಲ. ಅವಳು ಬಂಗಾರದಂಥ ಹೆಂಗಸು. ಸಿಟ್ಟೇನಿದ್ದರೂ ಆ ಹೊಸ್ತಿಲ ಮೇಲೆ. ನೀನು ಎಷ್ಟೋ ಸಲ ಕೇಳಿದ್ದೀ, ಅಷ್ಟು ಹಟ ಹಿಡಿದು 'ಹಾಸು' ಯಾಕೆ ಬರೆದೆ ಅಂತ. ಈಗ ತಿಳಿಯಿತಲ್ಲ?

ನಮ್ಮ ಮನೆಗೆಂದೇ ಒಂದು ನಮೂನೆ ಇದೆ. ನಡುವೆ ಪಗಡೆಯ ಹಾಸಿನಂಥ ಚೌಪಟದ ಮನೆಗಳು, ನಾಲ್ಕು ಮೂಲೆಗೆ ನಾಲ್ಕು ನವಿಲು. ಓಣಿಯಲ್ಲಿ ಬೇರೆ ಯಾರೂ ಹಾಕುವುದಿಲ್ಲ. ಅಮ್ಮಿಯ ಹೆಸರು ಹಿಡಿದು, ಹಲೀಮಾಬಿಯ ಜಮಖಾನ ಅಂತ ಹುಬ್ಬಳ್ಳಿಯ ಅಂಗಡಿಯವರು ಕೇಳಿ ಒಯ್ಯುವುದು ಅದನ್ನೇ. ಈದ್‌ಗೆ ಹಾಸುವ ಹಳೆಯದೊಂದನ್ನು ಅಮ್ಮಿ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದಾಗಲೆಲ್ಲ, ಕಾಯುವ ನೆಪದಲ್ಲಿ ಕೂತು ಎಳೆ ಎಣಿಸಿದೆ. ಒಂದು ಮೂಲೆ ಎಣಿಸಿ ಬಿಡಿಸಿ, ಉಳಿದ ಮೂರನ್ನು ಕಂಪ್ಯೂಟರಿನಲ್ಲೇ ತಿರುಗಿಸಿ ಕೂರಿಸಿದೆ. ಕೊನೆಗೆ ಹೋಲಿಸಿ ನೋಡಿದರೆ ಹಾಸಿನಲ್ಲಿ ನಾಲ್ಕನೆಯ ಮೂಲೆಯ ನವಿಲು ಹಿಂದಕ್ಕೆ ಕತ್ತು ತಿರುಗಿಸಿತ್ತು. ಅಮ್ಮಿಯ ಕಣ್ಣು ಆಗಲೇ ಮಂಜಾಗುತ್ತಿತ್ತು ಅನಿಸುತ್ತದೆ, ಲೆಕ್ಕ ತಪ್ಪಿದ್ದಾಳೆ. ನನ್ನದರಲ್ಲಿ ನಾಲ್ಕೂ ಮುಂದೆ ನೋಡುತ್ತವೆ. ಅಮ್ಮಿಗಿಂತ ಸರಿಯಾಗಿ ಹಾಕಿದೆನಲ್ಲ ಅಂತ ಒಳಗೊಳಗೇ ಬೀಗಿದ್ದೆ.

ಫೈಲು ಕಳಿಸಿದ್ದೇನೆ. ಅಮೃತಾ, ಇದು ನಿನ್ನ ಕಣ್ಣಿಗೆ ಮಾತ್ರ. ದೋಷ ಸಿಕ್ಕ ಕೂಡಲೇ ಅಳಿಸಿಬಿಡು. ಇದು ನನ್ನ ಹತ್ತಿರ ಇದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಿನ್ನ,
ರುಬಿಯಾ


ಸಂಶಿ
9 ಜುಲೈ 2023

ಪ್ರಿಯ ರುಬಿಯಾ,

ಸಿಕ್ಕಿತು! ನಿನ್ನ ನವಿಲುಗಳಿಗೆ ಹಾಲು ಸಕ್ಕರೆ ಹಾಕಬೇಕು. ಪ್ರತಿ ಸಲವೂ ಅದೇ ಜಾಗದಲ್ಲಿ, ಮೊದಲ ನವಿಲಿನ ಗರಿ ಬಿಚ್ಚುವ ಸಾಲಿನಲ್ಲಿ ತಪ್ಪದೇ ನಿಂತಿತು. ನಿಲ್ಲುವ ಜಾಗ ಗೊತ್ತಾದ ಮೇಲೆ ಹಿಡಿಯುವುದೆಷ್ಟರ ಮಾತು.

ಕೇಳು. ನಿನ್ನದು ಒಂದು ಸಾಲು ಕಳಿಸಿ, ನನ್ನದು "ಮುಗೀತು" ಅನ್ನುವವರೆಗೆ ಕಾಯುತ್ತದೆ. ನನ್ನದು ಸಾಲು ಕೂಗುವಾಗ, ಬಣ್ಣ ಬದಲಾದಲ್ಲೆಲ್ಲ ಒಂದು ಎಚ್ಚರಿಕೆಯ ಮಾತನ್ನು ಇನ್ನೊಂದು ಪೈಪಿಗೆ ಹಾಕುತ್ತದೆ. ಆ ಎರಡನೆಯ ಪೈಪನ್ನು ಓದುವವರು ಯಾರೂ ಇಲ್ಲ. ನಾನು ಓದುತ್ತೇನೆ ಅಂತ ನೀನು ಅಂದುಕೊಂಡೆ, ನೀನು ಓದುತ್ತೀ ಅಂತ ನಾನು ಅಂದುಕೊಂಡೆ. ಅದು ತುಂಬಿತು. ಗಿರಣಿಯಲ್ಲಿ ಹಿಟ್ಟಿನ ಡಬ್ಬಿ ತುಂಬಿದರೂ ತೆಗೆಯುವವರಿಲ್ಲದಿದ್ದರೆ ಗಿರಣಿಯವ ಹೇಗೆ ಕಲ್ಲು ನಿಲ್ಲಿಸುತ್ತಾನೋ ಹಾಗೆ ನನ್ನದು ನಿಂತಿತು. ನಿನ್ನದು ಹೊರಗೆ ಕೂತು, ಇನ್ನೂ ಬೀಸುತ್ತಿದ್ದಾನೆ ಅಂತ ಕಾದೇ ಕಾದಿತು. ಎರಡೂ ಜೀವಂತ, ಎರಡೂ ಕಾಯುತ್ತಿವೆ, ಒಂದೂ ಮಾತಾಡುವುದಿಲ್ಲ. ನಿನ್ನ ಲಿನಕ್ಸ್‌ನಲ್ಲಿ ಪೈಪು ಅಗಲ, ತುಂಬುವುದರೊಳಗೆ ಹಾಸು ಮುಗಿದುಹೋಗುತ್ತದೆ. ಇಲ್ಲಿ ಸಣ್ಣದು. ವಿಂಡೋಸ್‌ನದೇನೂ ತಪ್ಪಿಲ್ಲ, ತಪ್ಪು ನಮ್ಮಿಬ್ಬರದು.

ತಿದ್ದಿದ್ದೇನೆ. ನಿಯಮದ ಪ್ರಕಾರ ತಿದ್ದುಪಡಿಯ ಜೊತೆಗೆ ಪರೀಕ್ಷೆಯೊಂದನ್ನೂ ಸೇರಿಸಿದೆ, ಮುಂದೆ ಯಾರಾದರೂ ಇದೇ ತಪ್ಪು ಮಾಡಿದರೆ ಕೂಡಲೇ ಸಿಗಲಿ ಅಂತ. 'ಹಾಸು' ಇಳಿಸಿಕೊಂಡು ಬಳಸುವ ಎಲ್ಲ ಊರಿನವರಿಗೂ ಹೊಸ ಆವೃತ್ತಿ ಹೋಯಿತು. ನಾಸಿಕ್‌ನವರೊಬ್ಬರು ಭೇಷ್ ಎಂದು ಬರೆದಿದ್ದಾರೆ. ಮಲ್ಲಕ್ಕ ಹೂಬಳ್ಳಿ ಮುಗಿಸಿದಳು. "ರಾಜಿ ಮಾಡ್ಸಿದ್ಯಲ್ಲ, ಶಾಣ್ಯಾಕಿ," ಅಂದಳು.

ಒಂದು ಸಲ ಬಂದು ನೋಡು. ಖಡಕ್ ರೊಟ್ಟಿಯ ಖರ್ಚು ನನ್ನದು.

ನಿನ್ನ,
ಅಮೃತಾ


ನವಲಗುಂದ
3 ಡಿಸೆಂಬರ್ 2023

ಅಮೃತಾ,

ಕ್ಷೇಮಸಮಾಚಾರ ಕೇಳುವ ಮನಸ್ಸಿಲ್ಲ.

ಹೋದ ಶುಕ್ರವಾರ ಅಸ್ಲಂಭಾಯಿ ಹುಬ್ಬಳ್ಳಿಗೆ ಮಾಲು ಕೊಡಲು ಹೋಗಿದ್ದ. ಅಂಗಡಿಯವರು ಮಾಲು ತೆಗೆದುಕೊಳ್ಳಲಿಲ್ಲ. "ನಿಮ್ಮದ್ಯಾಕ ಬೇಕೋ ಮಾರಾಯಾ, ಇದ ನವಲು ಮಿಲ್ಲಿನಿಂದ ಅರ್ಧಾ ರೇಟಿಗೆ ಬರಾಕತ್ತೈತಿ," ಅಂದು ಒಂದು ಹಾಸನ್ನು ಅವನ ಕೈಗೇ ಕೊಟ್ಟು ಕಳಿಸಿದ್ದಾರೆ. ಅವನು ಅದನ್ನು ತಂದು ಪಡಸಾಲೆಯಲ್ಲಿ ಒಗೆದ.

ಅಮ್ಮಿ ಹಾಸಿ ನೋಡಿದಳು. ಚೌಪಟ ನಮ್ಮದು, ಅಂಚು ನಮ್ಮದು, ನವಿಲು ನಮ್ಮವು. ಬಣ್ಣ ಮಾತ್ರ ದೆವ್ವ ಬಡಿದಂತೆ: ಹಸಿರಿದ್ದಲ್ಲಿ ನೇರಳೆ, ಕೆಂಪಿದ್ದಲ್ಲಿ ಬೂದಿ. ಅವಳು ಮೂಲೆ ಮೂಲೆಗೂ ಕೈಯಾಡಿಸಿದಳು. ಕೊನೆಯ ಮೂಲೆಯಲ್ಲಿ ಕೈ ಬಹಳ ಹೊತ್ತು ನಿಂತಿತು. ಆಮೇಲೆ ಎದ್ದು, "ಇದು ಈ ಮನಿಯಿಂದನ ಹೋಗೇತಿ," ಅಂದಳು. ಅಷ್ಟೇ.

ಈ ಮನೆಯಲ್ಲಿ ಆ ನಮೂನೆ ಬರುವುದು ಇಬ್ಬರಿಗೆ. ಒಬ್ಬಳು ಅಮ್ಮಿ. ಅಸ್ಲಂಭಾಯಿ ಭಾಬಿಯ ಕಡೆ ತಿರುಗಿ, "ಅಣ್ಣಿಗೇರಿಗೆ ಹೋದಾಗ ಯಾರಿಗೆ ಹೇಳಿಕೊಟ್ಟು ಬಂದಿ?" ಅಂದ. ಭಾಬಿ, "ನಾ ಅಲ್ಲ," ಅಂದಳು. ಇನ್ನೊಮ್ಮೆ ಹೇಳಲಿಲ್ಲ. ಅತ್ತೆಯ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನನ್ನ ಪರವಾಗಿ ಮಾತಾಡು ಅನ್ನುತ್ತಿದ್ದಾಳೆ ಅಂದುಕೊಂಡೆ. ನಾನು ಮಾತಾಡಿದೆ ಕೂಡ: ಭಾಬಿ ಅಂಥವಳಲ್ಲ, ಯಾರೋ ಅಂಗಡಿಯಲ್ಲಿ ಫೋಟೋ ತೆಗೆದಿರಬೇಕು ಅಂತ. ಅಮ್ಮಿ ಹಾಸನ್ನು ಮಡಚಿಟ್ಟು ಒಳಗೆ ಹೋದಳು. ಮರುದಿನ ಮುಂಜಾನೆ ಭಾಬಿ ಬ್ಯಾಗು ಹಿಡಿದು ಬಸ್ಸು ಹತ್ತಿದಳು. ತಡೆಯುವವರು ಯಾರೂ ಇರಲಿಲ್ಲ.

ನಾನು ನನ್ನ ಕಂಪ್ಯೂಟರ್ ಸೆಂಟರಿಗೆ ಹೋಗಿ ಬಾಗಿಲು ತೆಗೆದೆ. ರೇಷನ್ ಕಾರ್ಡಿನ ಅರ್ಜಿ ಹಾಕಲು ಬಂದವರು ಸಾಲಾಗಿ ಕೂತಿದ್ದರು. ಆ ನೇರಳೆ ಬಣ್ಣ ತಲೆಯಿಂದ ಹೋಗಲೊಲ್ಲದು. ಅವರ ಮುಂದೆಯೇ 'ಹಾಸು'ವಿನ ಪುಟ ತೆಗೆದು, ನೀನು ಸೇರಿಸಿದ ಪರೀಕ್ಷೆಯನ್ನು ಮೊದಲ ಸಲ ನೋಡಿದೆ. "ದೊಡ್ಡ ಮಾದರಿ" ಅಂತ ಹೆಸರು, ಒಳಗೆ ನಾನು ಕಳಿಸಿದ ನವಿಲುಗಳು. ಜಗತ್ತಿನಲ್ಲಿ ಯಾರು ಬೇಕಾದರೂ ಒಯ್ಯಬಹುದು. ಹಸಿರಿದ್ದಲ್ಲಿ ನೇರಳೆ. ಕೆಂಪಿದ್ದಲ್ಲಿ ಬೂದಿ.

ನಿನ್ನ ಕಣ್ಣಿಗೆ ಮಾತ್ರ ಅಂದಿದ್ದೆ, ಅಮೃತಾ. ಅಳಿಸು ಅಂದಿದ್ದೆ. ಕನ್ನಡದಲ್ಲೇ ಬರೆದಿದ್ದೆ.

ಇವತ್ತೇ ಅದನ್ನು ತೆಗೆ. ಹಳೆಯ ಆವೃತ್ತಿಗಳಿಂದಲೂ ತೆಗೆ. ಮನೆಯಲ್ಲಿ ನಾನಿನ್ನೂ ಬಾಯಿ ಬಿಟ್ಟಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬೇಕಾದವಳು ನಾನು. ನನ್ನ ಕೈ ಮೇಲೇಳುತ್ತಿಲ್ಲ.

ರುಬಿಯಾ


ಸಂಶಿ
6 ಡಿಸೆಂಬರ್ 2023

ರುಬಿಯಾ,

ಓದಿದ ಕೂಡಲೇ ಕಂಪ್ಯೂಟರಿನ ಮುಂದೆ ಕೂತೆ. ಫೈಲು ತೆಗೆದಿದ್ದೇನೆ, ಹಿಂದಿನ ಆವೃತ್ತಿಗಳಿಂದಲೂ. ಆದರೆ ನಿನಗೆ ಸುಳ್ಳು ಹೇಳುವುದಿಲ್ಲ. ಈ ಐದು ತಿಂಗಳಲ್ಲಿ ಎಷ್ಟೋ ಜನ ಪ್ರತಿ ಒಯ್ದಿದ್ದಾರೆ. ಅವರ ಮನೆಗೆ ಹೋಗಿ ಅಳಿಸಲು ನನ್ನಿಂದಾಗದು. ಬಿತ್ತಿದ ಮೇಲೆ ಬೀಜ ಆರಿಸಲಿಕ್ಕಾಗುತ್ತದೆಯೇ?

ನಾನು ನಿನಗೆ ದ್ರೋಹ ಮಾಡಬೇಕೆಂದು ಮಾಡಲಿಲ್ಲ. ಆ ನಮೂನೆ ಬಿಟ್ಟರೆ ಬೇರೆ ಯಾವುದರಲ್ಲೂ ದೋಷ ತಪ್ಪದೇ ಬರುತ್ತಿರಲಿಲ್ಲ. ಪರೀಕ್ಷೆಯಿಲ್ಲದೆ ತಿದ್ದುಪಡಿ ಸೇರಿಸಬಾರದು ಅನ್ನುವ ನಿಯಮ ಮಾಡಿದವರು ನಾವಿಬ್ಬರೇ. ಹೆಸರು ತೆಗೆದೆ, ಬಣ್ಣ ಎಲ್ಲ ಬದಲಿಸಿದೆ. ಬಣ್ಣ ಹೋದ ಮೇಲೆ ಹಾಸಿನ ಗುರುತು ಏನು ಉಳಿಯಿತು ಅಂದುಕೊಂಡೆ. ನಾವು ಸಂಶಿಯವರು, ನಮಗೆ ಹಾಸು ಅಂದರೆ ಬಣ್ಣ. ನಿಮ್ಮಲ್ಲಿ ಎಳೆಯ ಲೆಕ್ಕವೇ ಗುರುತು ಅಂತ ನನಗೆ ಯಾರು ಹೇಳಿದ್ದರು?

ಇನ್ನೊಂದು ಮಾತು. ಕಹಿಯಾದರೂ ಹೇಳುತ್ತೇನೆ. ಅದು ನನ್ನದಲ್ಲ, ಸರಿ. ನಿನ್ನದಾದರೂ ಆಗಿತ್ತೇ? ಮಾಳಿಗೆ ಮೇಲೆ ಕದ್ದು ಎಣಿಸಿದವಳು ನಾನಲ್ಲ. ಎಲ್ಲರಿಗೂ ಎಲ್ಲವೂ ತೆರೆದಿರಬೇಕು, ಮುಚ್ಚಿಟ್ಟ ವಿದ್ಯೆ ಕೊಳೆಯುತ್ತದೆ ಅಂತ ಕಾಲೇಜಿನ ಸ್ಟೇಜಿನ ಮೇಲೆ ಭಾಷಣ ಮಾಡಿದವಳು ನೀನು. ನಾನು ಕೆಳಗೆ ಕೂತು ಚಪ್ಪಾಳೆ ತಟ್ಟಿದವಳು.

ಭಾಬಿ ತವರಿಗೆ ಹೋಗಿ ನಾಲ್ಕು ದಿನವಾಯಿತು. ನೀನು ಇನ್ನೂ ಬಾಯಿ ಬಿಟ್ಟಿಲ್ಲ ಅಂದರೆ ಅದಕ್ಕೂ ನಾನೇ ಹೊಣೆಯೇ?

ಅಮೃತಾ


ನವಲಗುಂದ
21 ಜನವರಿ 2024

ಅಮೃತಾ,

ನಿನ್ನ ಪತ್ರಕ್ಕೆ ಬರೆದ ಉತ್ತರಗಳನ್ನೆಲ್ಲ ಅಳಿಸಿದೆ. ಕಳಿಸಿದ್ದರೆ ನಿನಗೆ ನಿದ್ದೆ ಬರುತ್ತಿರಲಿಲ್ಲ. ಒಂದು ಮಾತು ಉಳಿಸಿಕೊಂಡಿದ್ದೇನೆ: ನಾನು ಕದ್ದದ್ದು ನಮ್ಮವ್ವನಿಂದ, ಕದ್ದು ನನ್ನ ಪೆಟ್ಟಿಗೆಯಲ್ಲಿಟ್ಟೆ. ನೀನು ಅದನ್ನು ಸಂತೆಯಲ್ಲಿ ಸುರುವಿದೆ. ಎರಡೂ ಒಂದೇ ಅಂತ ನಿನಗನ್ನಿಸಿದರೆ ನಿನ್ನ ಶಿವ ನಿನ್ನನ್ನು ನೋಡಿಕೊಳ್ಳಲಿ.

ಮನೆಯಲ್ಲಿ ಹೇಳಿದೆ. ತಡವಾಗಿ ಹೇಳಿದೆ, ಆದರೆ ಹೇಳಿದೆ. ಅಮ್ಮಿ ನೂಲಿನ ಉಂಡೆ ಸುತ್ತುತ್ತಿದ್ದಳು. ಎಣಿಸಿದ್ದು, ಬಿಡಿಸಿದ್ದು, ನಿನಗೆ ಕಳಿಸಿದ್ದು ಎಲ್ಲ ಹೇಳಿದೆ. ಅಸ್ಲಂಭಾಯಿ ಊಟದ ತಟ್ಟೆ ಬಿಟ್ಟು ಎದ್ದು ನಿಂತ. ಅಮ್ಮಿ ಉಂಡೆ ಸುತ್ತುವುದು ನಿಲ್ಲಿಸಲಿಲ್ಲ.

"ನೀ ಮಗ್ಗದ ಮುಂದ ಒಂದಿನಾ ಕುಂತಾಕಿ ಅಲ್ಲ," ಅಂದಳು. "ನಿನಗೆಲ್ಲಿಂದ ಬರಬೇಕ ಅದು? ಭಾಬಿ ಮ್ಯಾಲಿನ ಪ್ರೀತಿಗೆ ಸುಳ್ಳ ಹೇಳಬ್ಯಾಡ."

"ಸುಳ್ಳಲ್ಲ ಅಮ್ಮಿ. ಲ್ಯಾಪ್‌ಟಾಪಿನ್ಯಾಗ ಐತಿ, ತೋರಿಸ್ತೇನಿ."

"ಮಿಲ್ಲಿನವರು ಮಾಡಿದ್ದನ್ನ ನೀ ಈಗ ಕಂಪ್ಯೂಟರಿನ್ಯಾಗ ಇಳಿಸಿಕೊಂಡಿರಬೇಕು. ನನಗ ಅದೆಲ್ಲ ತಿಳಿಯಂಗಿಲ್ಲ. ಏಳು, ಚಾ ಮಾಡು ಹೋಗು."

ನಾನು ಎದ್ದು ಹೋಗಿ ಚಹಾ ಮಾಡಿದೆ, ಅಮೃತಾ. ಜನ್ಮದಲ್ಲಿ ಒಂದು ತಪ್ಪು ಒಪ್ಪಿಕೊಂಡರೆ ಅದನ್ನು ಮಾಡುವ ಯೋಗ್ಯತೆಯೇ ನಿನಗಿಲ್ಲ ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಸ್ಲಂಭಾಯಿ ಪಾಪ ಒಮ್ಮೆ ನನ್ನ ಮುಖ, ಒಮ್ಮೆ ಅವಳ ಮುಖ ನೋಡಿ ಹೊರಗೆ ಹೋದ.

ಈಗ ಕೇಳಿಸಿಕೋ. ಈ ಸಂಗತಿಗೆ ನನ್ನನ್ನು ಬಿಟ್ಟರೆ ಸಾಕ್ಷಿ ನೀನೊಬ್ಬಳೇ. ಒಂದು ದಿನ ಬಾ. ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಅಮ್ಮಿಯ ಮುಂದೆ ಕೂತು, ಜೂನಿನಲ್ಲಿ ರುಬಿಯಾ ಇದನ್ನು ನನಗೆ ಕಳಿಸಿದಳು, ಊರಿಗೆ ಹಂಚಿದವಳು ನಾನು ಅಂತ ಹೇಳು. ಹೊರಗಿನವರು, ನಿನ್ನಂತೆ ಕಾಲೇಜಿನಲ್ಲಿ ಕಲಿಸುವವರು ಹೇಳಿದರೆ ಅಮ್ಮಿ ಇಲ್ಲ ಅನ್ನಲಾರಳು. ಭಾಬಿ ಮನೆಗೆ ಬರುತ್ತಾಳೆ. ಆಮೇಲೆ ಜೀವನಪೂರ್ತಿ ನನ್ನ ಜೊತೆ ಮಾತು ಬಿಟ್ಟರೂ ಸರಿ.

ಉಪ್ಪು ತಿಂದವರು ನೀರು ಕುಡಿಯಲೇಬೇಕು. ನಾನು ಕುಡಿದಿದ್ದೇನೆ. ನಿನ್ನ ಪಾಳಿ.

ರುಬಿಯಾ


ಸಂಶಿ
18 ಫೆಬ್ರವರಿ 2024

ರುಬಿಯಾ,

ಬಹಳ ಯೋಚಿಸಿದೆ. ಬರುವುದು ಆಗುವುದಿಲ್ಲ.

ಸಂಘಕ್ಕೆ ಹೊಸ ಮಗ್ಗಗಳು ಮಂಜೂರಾಗಿವೆ. ಮಂಜೂರಾದದ್ದು 'ಹಾಸು' ತೋರಿಸಿ. ಅದರಲ್ಲಿ ಬೇರೆಯವರ ನಮೂನೆ ಕದ್ದು ಹಾಕಿದ್ದಾರೆ ಅಂತ ನಾನೇ ನಿಮ್ಮ ಓಣಿಯಲ್ಲಿ ಕೂತು ಹೇಳಿದರೆ ನಾಳೆ ಅದು ಕುಂದಗೋಳಕ್ಕೂ ಬರುತ್ತದೆ, ಧಾರವಾಡಕ್ಕೂ ಹೋಗುತ್ತದೆ. ಮಲ್ಲಕ್ಕನಂಥವರ ಕೈಗೆ ಬಂದ ಕೆಲಸ ಹೋಗುತ್ತದೆ. ಕಾಲೇಜಿನಲ್ಲಿ ನನ್ನದಿನ್ನೂ ಕಾಯಂ ಆಗಿಲ್ಲ. ನಿನ್ನ ಭಾಬಿಗೆ ತವರಿದೆ. ಇವರಿಗೆ ಏನಿದೆ?

ನೀನು ನಿಜ ಹೇಳಿದ್ದೀ, ಅವರು ನಂಬಲಿಲ್ಲ. ನಿನ್ನ ಕರ್ತವ್ಯ ಮುಗಿಯಿತು ಅಂದುಕೋ. ಕೊಟ್ಟ ಮಾತು ಮುರಿದದ್ದು ನನ್ನ ತಪ್ಪು. ಅದನ್ನು ನಿನಗೆ ಒಪ್ಪಿಕೊಳ್ಳುತ್ತೇನೆ, ಊರಿಗಲ್ಲ.

ಇನ್ನು ಮುಂದೆ 'ಹಾಸು'ವನ್ನು ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ನಿನ್ನ ಹೆಸರು ಮೊದಲಿನ ಜಾಗದಲ್ಲೇ ಇರುತ್ತದೆ.

ಅಮೃತಾ


ನವಲಗುಂದ
10 ಮಾರ್ಚ್ 2024

ಅಮೃತಾ,

ನೀನು ಬರದೇ ಇದ್ದದ್ದು ಒಳ್ಳೆಯದೇ ಆಯಿತು. ಬಂದಿದ್ದರೂ ಏನೂ ಆಗುತ್ತಿರಲಿಲ್ಲ. ಏಕೆ ಅಂತ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ, ನಿನ್ನ ಮೇಲಿನ ಪ್ರೀತಿಗಲ್ಲ.

ಲ್ಯಾಪ್‌ಟಾಪು, ಮಿಲ್ಲಿನ ಹಾಸು ಎರಡನ್ನೂ ಚೀಲಕ್ಕೆ ತುರುಕಿಕೊಂಡು ಅಣ್ಣಿಗೇರಿಗೆ ಹೋದೆ. ಭಾಬಿ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನೀರು ಕೊಟ್ಟಳು. ನಾನು ಕಳ್ಳಿಯಂತೆ ಗಡಬಡಿಸಿ ಎಲ್ಲ ಹೇಳತೊಡಗಿದೆ. ಅವಳು ಕೈ ತೊಳೆದು ಬಂದು, ನನ್ನ ಚೀಲದಿಂದ ಆ ಹಾಸನ್ನು ತೆಗೆದು ಹಾಸಿ, ನಾಲ್ಕನೆಯ ಮೂಲೆಯ ಮೇಲೆ ಬೆರಳಿಟ್ಟಳು.

"ಇದು ಮುಂದ ನೋಡಾಕತ್ತೈತಿ," ಅಂದಳು.

"ಹೌದು. ಅಮ್ಮಿದು ಲೆಕ್ಕ ತಪ್ಪಿತ್ತು, ನಾ ಸರಿ ಮಾಡಿ ಹಾಕೀನಿ."

ಭಾಬಿ ನನ್ನನ್ನು ನೋಡಿದ ರೀತಿ ಸಾಯುವವರೆಗೂ ಮರೆಯುವುದಿಲ್ಲ. ಸಿಟ್ಟಲ್ಲ. ಸಣ್ಣ ಕೂಸನ್ನು ನೋಡುವ ಹಾಗೆ.

"ಲೆಕ್ಕ ತಪ್ಪಿಲ್ಲ ಬೇ. ಅದು ಈ ಮನಿ ಗುರ್ತು. ನನಗ ಅತ್ತಿ ಮೊದಲ ಕಲಿಸಿದ್ದ ಅದು. ಮೂರು ಮುಂದ ನೋಡ್ತಾವ, ಒಂದು ಹಿಂದ. ಮಗ್ಗದಾಗ ಕಲಿತಾಕಿ ನಿದ್ದಿಗಣ್ಣಾಗೂ ಅದನ್ನ ಸೀದಾ ಹಾಕಂಗಿಲ್ಲ. ಇದನ್ನ ಯಾರ ತೆಗದಾರ ಅವರು ಮಗ್ಗ ಮುಟ್ಟಿಲ್ಲ, ಆದ್ರ ಮನಿಯಾಗ ಅದಾರ. ಹಂತಾಕಿ ಈ ಮನಿಯಾಗ ಯಾರದಾರ?"

ನಾನು ಹಾಸಿನ ಅಂಚು ಮಡಚತೊಡಗಿದೆ.

"ಅವತ್ತ ಹಾಸಿದ ಕೂಡ್ಲೇ ನನಗ ತಿಳೀತು. ಅದಕ್ಕ ನಿನ್ನ ಮಾರಿ ನೋಡಿದ್ನಿ. ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ ಕಾದ್ನಿ. ಬಸ್ಸು ಬರೂತನಕ ಕಾದ್ನಿ."

"ನೀನ ಹೇಳಬಹುದಿತ್ತಲ್ಲ ಭಾಬಿ."

"ಅತ್ತಿ ಹೇಳಲಿ ಅಂತ ಸುಮ್ಮನಾದ್ನಿ. ಅವರ ಕೈ ಆ ಮೂಲಿ ಮ್ಯಾಲ ಎಷ್ಟೊತ್ತು ಇತ್ತು, ನೀ ನೋಡಲಿಲ್ಲೇನು?"

ನಾನು ನೋಡಿದ್ದೆ, ಅಮೃತಾ. ನೋಡಿ ನಿನಗೆ ಬರೆದಿದ್ದೆ ಕೂಡ. ಬೇಕಿದ್ದರೆ ಡಿಸೆಂಬರಿನ ಪತ್ರ ತೆಗೆದು ಓದು.

ಮನೆಗೆ ನಡೆ ಅಂತ ಕೈ ಹಿಡಿದೆ. ಬಿಡಿಸಿಕೊಂಡಳು. "ಅತ್ತಿ ಬಂದು, ಇದು ನೀ ಮಾಡಿದ್ದಲ್ಲ ಅಂತ ನಮ್ಮಪ್ಪನ ಮುಂದ ಒಂದ ಮಾತು ಅನ್ನಲಿ. ಬರಿಗಾಲಿಲೆ ಬರ್ತೇನಿ. ನೀ ಕರದ್ರ ಬರಂಗಿಲ್ಲ," ಅಂದಳು. ನಾನು ಏಳುವಾಗ ಒಂದು ಗಂಟು ಮೆಣಸಿನಕಾಯಿ ಕಟ್ಟಿಕೊಟ್ಟಳು. ಬೇಡ ಅನ್ನುವ ಮುಖ ನನಗಿರಲಿಲ್ಲ.

ಬಂದವಳೇ ಅಮ್ಮಿಯನ್ನು ಕೇಳಿದೆ. ಜೋರಾಗಿ ಕೇಳಿದೆ. ಹುಟ್ಟಿದಾಗಿನಿಂದ ಅವಳ ಮುಂದೆ ಅಷ್ಟು ದನಿ ಎತ್ತಿರಲಿಲ್ಲ. ಎಲ್ಲ ಗೊತ್ತಿದ್ದೂ ನನ್ನನ್ನು ಯಾಕೆ ನಂಬಲಿಲ್ಲ ಅಂದೆ.

"ನಂಬಿದ್ರ ನಂಬೀನಿ ಅನಬೇಕಾಗ್ತಿತ್ತು," ಅಂದಳು. "ಅಸ್ಲಂ ಅಲ್ಲೇ ನಿಂತಿದ್ದ. ಅವನ ಬಾಯಾಗ ಯಾವ ಮಾತು ನಿಂತೈತಿ? ಸೊಸಿ ತವರಿಗೆ ಹೋದ್ರ ಓಣಿಯವರು ನಾಕ ದಿನ ಮಾತಾಡ್ತಾರ, ಬಿಡ್ತಾರ. ಮಗಳು ಮನಿ ಕಸಬು ಮಾರಿಕೊಂಡ್ಲು ಅಂದ್ರ ಆಕಿನ್ನ ಯಾರ ಮಾಡಿಕೋತಾರ? ನಾ ಇಬ್ಬರನ್ನೂ ಹ್ಯಾಂಗ ಉಳಿಸಿಕೊಳ್ಳಲಿ ಹೇಳು."

"ಆಕಿ ಏನೂ ಮಾಡಿಲ್ಲ ಅಮ್ಮಿ."

"ನನಗ ಗೊತ್ತಿಲ್ಲೇನು? ಹಂತಾ ಕೈ ಈ ಓಣಿಯಾಗ ಇನ್ನೊಂದಿಲ್ಲ."

ಅವಳು ಅತ್ತಳು. ಅಮ್ಮಿ ಅತ್ತದ್ದನ್ನು ನಾನು ಅಬ್ಬಾ ತೀರಿಕೊಂಡ ದಿನ ಬಿಟ್ಟರೆ ನೋಡಿದ್ದಿಲ್ಲ. ನನಗೆ ಕನಿಕರ ಬರಲಿಲ್ಲ. ಜೀವನಪೂರ್ತಿ ಮಗಳು ಹೊರಗಿನವಳು ಅಂತ ಹೊಸ್ತಿಲ ಆಚೆ ಇಟ್ಟಳು. ತಪ್ಪು ಮಾಡಿದ ದಿನ ಮಾತ್ರ ನಾನು ಮಗಳಾದೆ. ಅದಕ್ಕೆ ಇನ್ನೊಬ್ಬರ ಮಗಳನ್ನು ಬಸ್ಸು ಹತ್ತಿಸಿದಳು.

ನಾನು ಓಣಿಯಲ್ಲಿ ನಿಂತು ಕೂಗಿ ಹೇಳಬಹುದು. ಜಮಾತಿನವರ ಮುಂದೆ ಹೇಳಬಹುದು. ದಿನಾ ಬೆಳಗ್ಗೆ ಇವತ್ತು ಹೇಳುತ್ತೇನೆ ಅಂದುಕೊಂಡು ಏಳುತ್ತೇನೆ. ಅಮ್ಮಿ ಬಾಯಿ ಬಿಡುವುದಿಲ್ಲ, ಅವಳು ಬಿಡುವವರೆಗೆ ಭಾಬಿ ಬರುವುದಿಲ್ಲ, ಭಾಬಿ ಬರುವವರೆಗೆ ಅಸ್ಲಂಭಾಯಿ ಯಾರ ಜೊತೆಯೂ ಮಾತಾಡುವುದಿಲ್ಲ. ಇದನ್ನು ನಿನ್ನಷ್ಟು ಚೆನ್ನಾಗಿ ತಿಳಿದವರು ಯಾರೂ ಇಲ್ಲ. ನೀನು ಇಂಥದ್ದನ್ನೇ ತಿದ್ದಿ ಭೇಷ್ ಅನ್ನಿಸಿಕೊಂಡವಳು.

ಇನ್ನು ಕೊನೆಯದು. ಹೋದ ಸೋಮವಾರ ಅಮ್ಮಿ ಮಗ್ಗದ ಕೋಣೆಯಿಂದ ನನ್ನನ್ನು ಕರೆದಳು. ಚಹಾ ಬೇಕೇನೋ ಅಂತ ಹೋದೆ. ಭಾಬಿ ಅರ್ಧ ನೇಯ್ದು ಬಿಟ್ಟ ಜಮಖಾನ ಮಗ್ಗದ ಮೇಲೆ ಹಾಗೇ ಇತ್ತು. ಮೂರು ನವಿಲು ಆಗಿದ್ದವು.

"ನನಗ ಎಳಿ ಕಾಣಂಗಿಲ್ಲ," ಅಂದಳು ಅಮ್ಮಿ. "ಇದನ್ನ ಮುಗಸಾಕ ಯಾರೂ ಇಲ್ಲ. ಬಾ, ಕುಂಡ್ರು."

ಹೊಸ್ತಿಲ ಮೇಲೆ ನಿಂತೆ. ಸಣ್ಣವಳಿದ್ದಾಗಿನಿಂದ ಕೇಳಬೇಕು ಅಂತ ಬಾಯಿ ಬಿಟ್ಟುಕೊಂಡು ಕಾದ ಮಾತು ಅದು. ಥೂ ಅಂದು ತಿರುಗಿ ಹೋಗಬೇಕಿತ್ತು. ಭಾಬಿಯನ್ನು ಕರೆತಾ, ಆಮೇಲೆ ಕೂರುತ್ತೇನೆ ಅನ್ನಬೇಕಿತ್ತು. ಆ ಮಾತು ನಾಲಗೆಯ ಮೇಲೇ ಇತ್ತು.

ಕೂತೆ, ಅಮೃತಾ.

ನೂಲು ಬಡಿಯುವ ಪಂಜಾವನ್ನು ಅಮ್ಮಿ ನನ್ನ ಕೈಗೆ ಕೊಟ್ಟಳು. ಹಿಡಿಕೆಗೆ ಭಾಬಿ ತನ್ನ ಹಸಿರು ದುಪಟ್ಟಾದ ಚೂರು ಸುತ್ತಿಕೊಂಡಿದ್ದಾಳೆ, ಕೈ ಜಾರಬಾರದು ಅಂತ. ಅದು ಅವಳ ಬೆರಳಿನ ಅಳತೆಗೆ ತಗ್ಗಾಗಿದೆ. ನನ್ನ ಬೆರಳೂ ಅಲ್ಲಿ ಸರಿಯಾಗಿ ಕೂತವು. ಅಮ್ಮಿ ಬೆನ್ನ ಹಿಂದೆ ನಿಂತು ಎಳೆ ಹೇಳತೊಡಗಿದಳು. ಈ ನವಿಲು ಯಾಕೆ ಹಿಂದೆ ನೋಡುತ್ತದೆ ಅಂತ ಕೇಳಿದೆ.

"ಯಾರಿಗ್ಗೊತ್ತು," ಅಂದಳು. "ನಮ್ಮತ್ತಿ ಹಿಂಗ ಹೇಳಿಕೊಟ್ಟಿದ್ಲು. ನೀ ಕತ್ತು ತಿರುಗಸು."

ತಿರುಗಿಸಿದೆ.

ರುಬಿಯಾ